ಬೆಳ್ಳಿಯ ಆರನೆಯ ಮಣಿ

ಧೈರ್ಯ ತೋರಿಸಲು ಹೋಗಿ ಮೂರ್ಛೆ ಬಿದ್ದ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು, ಕಕ್ಕಬೆ ಕಡೆಯ ಕಾಫಿ ತೋಟಗಳಲ್ಲಿ ಬಹುಶಃ ನಾನೊಬ್ಬನೇ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆರೇಳು ವರ್ಷವಾಗಿತ್ತು. ಲೈನು ಎನ್ನುವ ಸಾಲುಮನೆಗಳ ಆಳುಗಳ ರಕ್ತ ಪರೀಕ್ಷಿಸಲು ಮೈಸೂರಿನಿಂದ ಡಾಕ್ಟರೊಬ್ಬರು ಬಂದಿದ್ದರು. ಸೂಜಿ ಕಂಡು ಎಲ್ಲರೂ ಹಿಂದೆ ಸರಿದಾಗ, "ಇದೇನು ಮಹಾ!" ಎಂದು ನಾನೇ ಬೆರಳು ಚಾಚಿದೆ. ತುದಿಯಲ್ಲಿ ಒಂದು ಹನಿ ಕೆಂಪು ಕಂಡದ್ದಷ್ಟೇ ನೆನಪು. ಕಣ್ಣು ಬಿಟ್ಟರೆ ಕಾಫಿ ಕಣದಲ್ಲಿ ಅಂಗಾತ ಬಿದ್ದಿದ್ದೇನೆ, ಮೀಸೆಯಲ್ಲಿ ಕಾಫಿ ಸಿಪ್ಪೆ. ತೋಟದಾಳು, ಎರವ ಬುಡಕಟ್ಟಿನ ಬೆಳ್ಳಿ, ನನ್ನ ತಲೆಯಡಿ ಗೋಣಿ ಮಡಚಿಟ್ಟು ಗಾಳಿ ಹಾಕುತ್ತಿದ್ದಳು.

"ಏಳಿ ರೈಟರಯ್ಯ, ಸೂಜಿ ಹೋಯ್ತು," ಎಂದಳು. ಆಮೇಲೆ ಹೋಗಿ ತನ್ನ ಬೆರಳು ಕೊಟ್ಟಳು.

ಬೆಳ್ಳಿ ಹುಟ್ಟಿದ್ದೇ ಆ ಲೈನಿನಲ್ಲಿ. ಕಾಫಿ ಹಣ್ಣು ಕೀಳುವ ಪಿಕಿಂಗಿನಲ್ಲಿ ಅವಳ ಕೈ ಬಲು ಚುರುಕು. ಆದರೆ ಆಗಾಗ ಮೂಳೆಯೊಳಗೇ ನೋವೆದ್ದು ಗಿಡದ ಬುಡದಲ್ಲಿ ಕುಳಿತುಬಿಡುತ್ತಿದ್ದಳು. ಗಾಯವಿಲ್ಲ, ಊತವಿಲ್ಲ. ತೋರಿಸಲು ಏನೂ ಇಲ್ಲದ ನೋವಿಗೆ ತೋಟದಲ್ಲಿ ಒಂದೇ ಹೆಸರು: ಸೋಮಾರಿತನ. ಮೇಸ್ತ್ರಿ ಜವರಪ್ಪ ಹಾಜರಿಯ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ: "ಬಂದ್ಲಪ್ಪ ಮಹಾರಾಣಿ! ಇವತ್ತು ಯಾವ ಮೂಳೆಗೆ ರಜ?"

ತೋಟದ ಯಜಮಾನ ದೇರಪ್ಪನವರು ಕೆಟ್ಟವರಲ್ಲ. ಗುಡ್ಡ ಹತ್ತುವುದು ಬೇಡವೆಂದು ಅವಳಿಗೆ ಪಲ್ಪರ್ ಮನೆಯಲ್ಲಿ ಹಗುರ ಕೆಲಸ ಕೊಟ್ಟರು. ಅಂದರೆ, ಮೊಣಕಾಲಷ್ಟು ನೀರಿನ ತೊಟ್ಟಿಯಲ್ಲಿ ನಿಂತು, ಸಿಪ್ಪೆ ತೆಗೆದ ಕಾಫಿ ಬೀಜವನ್ನು ತುಳಿದು ತೊಳೆಯುವುದು. ಡಿಸೆಂಬರಿನ ಬೆಳಗು, ತೊರೆಯ ನೀರು. ನಾನು ಮಫ್ಲರ್ ಸುತ್ತಿಕೊಂಡು ಯಜಮಾನರ ದಯೆಯನ್ನು ಮೆಚ್ಚುತ್ತಿದ್ದೆ. ವಾರ ತುಂಬುವುದರೊಳಗೆ ಅವಳ ಗಂಡ ಲಿಂಗ ಅವಳನ್ನು ಬೆನ್ನ ಮೇಲೆ ಹೊತ್ತು ಲೈನಿಗೆ ಒಯ್ಯಬೇಕಾಯಿತು.

ದೇರಪ್ಪನವರು ತಮ್ಮ ಅರೆಭಾಷೆ ಬೆರೆಸಿ ರೇಗಿದರು. "ಹಗುರ ಕೆಲ್ಸ ಕೊಟ್ಟರೂ ಹಿಂಗೆ! ಸೀಕ್ ಎಂತದೂ ಇಲ್ಲೆ, ಸೋಮಾರಿತನ ಉಟ್ಟು. ಸಂತೆ ದಿನದೊಳಗೆ ಮನೆ ಖಾಲಿ ಮಾಡಿಸಿ ರೈಟರೆ."

ಲೈನಿನ ಆ ಒಂದು ಕೋಣೆ ಬಿಟ್ಟರೆ ಬೆಳ್ಳಿಗೂ ಲಿಂಗನಿಗೂ ನೆಲೆಯಿಲ್ಲ. ಸೋಮಾರಿ ಎಂದು ಹೆಸರಾದವಳನ್ನು ಪಕ್ಕದ ತೋಟದವರೂ ಸೇರಿಸುವುದಿಲ್ಲ. ಡಾಕ್ಟರು ಬಂದು ರಕ್ತ ತೆಗೆದದ್ದು, ನಾನು ನೆಲ ಕಂಡದ್ದು, ಇದಾಗಿ ಎರಡು ದಿನಕ್ಕೆ, ಬೆಳ್ಳಿ ಮತ್ತೆ ಎದ್ದು ಓಡಾಡತೊಡಗಿದಾಗ.

ಸಂತೆಗೆ ಮುಂಚೆಯೇ ಡಾಕ್ಟರು ಯಜಮಾನರ ಜಗುಲಿಯಲ್ಲಿ ಸೂಕ್ಷ್ಮದರ್ಶಕ ಇಟ್ಟು ನಮ್ಮನ್ನು ಕರೆದರು. ನಾನು ಮೊದಲು ನನ್ನ ರೆಪ್ಪೆಯ ಕೂದಲನ್ನೇ ನೋಡಿ, "ಅಯ್ಯೋ, ಎಷ್ಟು ದೊಡ್ಡ ಹುಳ!" ಎಂದೆ. ಅವರು ತಿರುಪು ಸರಿಮಾಡಿದ ಮೇಲೆ ಕಂಡಿತು: ಬೆಳ್ಳಿಯ ರಕ್ತದಲ್ಲಿ ದುಂಡಗಿನ ಕಣಗಳ ನಡುವೆ ಕುಡುಗೋಲಿನಂತೆ ಬಾಗಿದ ಕಣಗಳು.

ಡಾಕ್ಟರು ಯಜಮಾನರ ಹೆಂಡತಿ ತಂಗಮ್ಮನವರಿಂದ ಒಂದು ಮಣಿಸರ ಕೇಳಿ ಪಡೆದರು. "ರಕ್ತದಲ್ಲಿ ಹಿಮೋಗ್ಲೋಬಿನ್ ಅಂತ ಒಂದು ಪ್ರೋಟೀನ್ ಇದೆ. ಅಮೈನೋ ಆಮ್ಲ ಅನ್ನೋ ಮಣಿಗಳನ್ನ ಪೋಣಿಸಿದ ಸರ ಅದು. ಯಾವ ಮಣಿ ಆದ್ಮೇಲೆ ಯಾವುದು ಅನ್ನೋದೇ ಅದರ ರಚನೆಯ ಮೊದಲ್ನೇ ಹಂತ." ಸರವನ್ನು ಬೆರಳಿಗೆ ಸುತ್ತಿದರು. "ಸುರುಳಿ, ಎರಡ್ನೇದು." ಸುರುಳಿಯನ್ನು ಮಡಚಿ ಅಂಗೈಯಲ್ಲಿ ಮುದ್ದೆ ಮಾಡಿದರು. "ಮೂರ್ನೇದು. ಇಂಥ ನಾಲ್ಕು ಮುದ್ದೆ ಕೂಡಿಕೊಂಡ್ರೆ ನಾಲ್ಕನೇದು, ಹಿಮೋಗ್ಲೋಬಿನ್ ತಯಾರು."

"ದಾರ ಹಳೇದು ಡಾಕ್ಟ್ರೆ," ಎಂದರು ತಂಗಮ್ಮ.

"ಬೆಳ್ಳಿಯ ಸರದಲ್ಲಿ ಆರನೇ ಮಣಿ ಬೇರೆ. ಅಪ್ಪ, ಅಮ್ಮ, ಇಬ್ಬರಿಂದ್ಲೂ ಹಾಗೇ ಬಂದಿದೆ. ಅದೊಂದರಿಂದ ಮುದ್ದೆಗಳು ಒಂದಕ್ಕೊಂದು ಅಂಟಿ ಕಡ್ಡಿ ಥರ ಆಗ್ತವೆ. ರಕ್ತಕಣ ಬಾಗಿ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತೆ. ಅದೇ ನೋವು. ತಣ್ಣೀರು, ಚಳಿ ತಾಗಿದ್ರೆ ಇನ್ನೂ ಜಾಸ್ತಿ."

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ನನಗೆ ಬಂದ ಅಂಕ ಹೇಳಿಕೊಳ್ಳುವಂಥದ್ದಲ್ಲ. ಆದರೂ ಕೊನೆಯ ಮಾತು ಅರ್ಥವಾಯಿತು. ದೇರಪ್ಪನವರಿಗೂ ಆಗಿರಬೇಕು. ಅವರು ಪಲ್ಪರ್ ಮನೆಯ ಕಡೆ ನೋಡಲಿಲ್ಲ.

"ಆ ಮಣಿ ಬದಲು ಮಾಡೋಕೆ ಬರಲ್ವಾ?" ಎಂದು ನಾನು ಡಾಕ್ಟರನ್ನು ಕೇಳಿದೆ.

"ಇಲ್ಲ."

"ಮದ್ದು?"

"ಸದ್ಯಕ್ಕಿಲ್ಲ. ಬೆಚ್ಚಗಿರ್ಬೇಕು, ನೀರು ಕುಡೀತಿರ್ಬೇಕು, ನೋವೆದ್ದಾಗ ಮಲಗ್ಬೇಕು."

ಮೆಟ್ಟಿಲ ಮೇಲೆ ಮೊಣಕಾಲು ಹಿಡಿದು ಕುಳಿತಿದ್ದ ಬೆಳ್ಳಿ, "ನನ್ನವ್ವನೂ ಗಿಡದ ಬುಡದಲ್ಲಿ ಹಿಂಗೇ ಕೂರ್ತಿದ್ಲು," ಎಂದಳು. "ಒಂದಿನ ಏಳ್ಲಿಲ್ಲ. ಅವಳನ್ನೂ ಹಂಗೇ ಬೈತಿದ್ರು."

ದೇರಪ್ಪನವರು ನನ್ನತ್ತ ತಿರುಗಿ, "ಮನೆ ಇರಲಿ. ತೊಟ್ಟಿ ಬೇಡ, ಬಿಸಿಲಿಗೆ ಕಣದಲ್ಲಿ ಕಾಫಿ ಹರವಲಿ," ಎಂದರು. ಆಮೇಲೆ, ಏನಾದರೂ ಕೇಳಬೇಕಲ್ಲ ಎಂಬಂತೆ, ಸ್ವಲ್ಪ ಗಟ್ಟಿಯಾಗಿ ಕೇಳಿದರು: "ಈಗ ಹೆಂಗುಟ್ಟು ಬೆಳ್ಳಿ?"

"ನೋವು ಹಂಗೇ ಇದೆ ಅಯ್ಯಾ," ಎಂದಳು ಬೆಳ್ಳಿ. "ಸೋಮಾರಿತನ ವಾಸಿಯಾಯ್ತು."