ಕಾಂಪೌಂಡರನೇ ಕೊಂದದ್ದು

ಕೋಳಿ ಕೊಯ್ಯುವಾಗ ಹಿತ್ತಲ ಬಾಗಿಲು ಹಾಕಿಕೊಂಡು ಒಳಗೆ ಕೂರುವವಳು ನಾನು. ಸಾರಿನ ವಾಸನೆ ಎದ್ದ ಮೇಲೆಯೇ ಈಚೆ ಬರುವುದು. ಆದರೆ ಕೈಗೊಂದು ಸೇಡಿನ ಕಾದಂಬರಿ ಕೊಟ್ಟು ನೋಡಿ. ಮೂರನೇ ಹೆಣ ಬೀಳುವವರೆಗೆ ಒಲೆಯ ಮೇಲೆ ಹಾಲು ಉಕ್ಕಿದರೂ ನಾನು ಏಳುವವಳಲ್ಲ.

ಈ ಚಟ ಹಿಡಿಸಿದವಳು ನನ್ನಕ್ಕ. ಅವಳು ಚಿಕ್ಕರಸಿನಕೆರೆಯಲ್ಲಿ, ನಾನು ಮಳವಳ್ಳಿಯಲ್ಲಿ. ಇಬ್ಬರೂ ಹತ್ತನೇ ಕ್ಲಾಸಿಗೇ ಪುಸ್ತಕ ಕಟ್ಟಿಟ್ಟವರು. ಆಮೇಲೆ ಬಿಚ್ಚಿದ್ದು ಇವನ್ನೇ. ಅವಳು ಓದಿ ಮುಗಿಸಿದ್ದನ್ನು ಹಳೇ ಪೇಪರಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಪುಟ್ಟಸ್ವಾಮಿಯ ಕೈಗೆ ಕೊಡುವಳು. ಕೊಲೆಗಾರರು ಟಿಕೆಟ್ಟಿಲ್ಲದೆ ಡ್ರೈವರ್ ಪಕ್ಕ ಕೂತು ಮಳವಳ್ಳಿಗೆ ಬಂದಿಳಿಯುವರು. ನಾನು ಓದಿದ್ದೂ ಹಾಗೇ ಅವಳಲ್ಲಿಗೆ ಹೋಗುವುದು.

ಒಮ್ಮೆ ಫೋನಿನಲ್ಲಿ ಬಾಯಿತಪ್ಪಿ ಒಂದು ಕಥೆಯ ಕೊಲೆಗಾರನ ಹೆಸರು ಹೇಳಿಬಿಟ್ಟೆ. "ಐತೆ ಇರು ನಿಂಗೆ!" ಅಂತ ಅಕ್ಕ ಫೋನ್ ಕುಕ್ಕಿದಳು. ಅವಳ ಮುಂದಿನ ಪುಸ್ತಕದ ಮೊದಲ ಪುಟದಲ್ಲೇ ಪೆನ್ಸಿಲ್ಲಿನಲ್ಲಿ ಬರೆದಿತ್ತು: "ಕೊಂದವನು ಸೋದರಮಾವ." ನಾನು ಬಿಟ್ಟೇನೆ? ಹನ್ನೊಂದು ವರ್ಷ ನಮ್ಮಿಬ್ಬರ ನಡುವೆ ಓಡಾಡಿದ ಒಂದು ಪುಸ್ತಕದಲ್ಲೂ ಗುಟ್ಟು ಉಳಿಯಲಿಲ್ಲ.

ಇದಕ್ಕೆ ನಾವು ಮುಯ್ಯಿ ಅನ್ನುತ್ತಿದ್ದೆವು. ನಮ್ಮ ಕಡೆ ಆ ಮಾತೇ ಚೋದ್ಯದ್ದು. ಇವತ್ತು ನಿನ್ನ ಗದ್ದೆಗೆ ನಾನು ನಾಟಿಗೆ ಬಂದರೆ ನಾಳೆ ನನ್ನ ಗದ್ದೆಗೆ ನೀನು ಬರಬೇಕು, ಅದೂ ಮುಯ್ಯಿ. ಹೊಡೆದವನಿಗೆ ಕಾದಿದ್ದು ತಿರುಗಿ ಹೊಡೆದರೆ, ಅದೂ ಮುಯ್ಯಿ. ಒಂದೇ ಮಾತಿನೊಳಗೆ ಪೈರೂ ಇದೆ, ಮಚ್ಚೂ ಇದೆ.

ಕೊಂದವನು ಯಾರೆಂದು ಗೊತ್ತಾದ ಮೇಲೆ ಓದುವುದೇನು ಅಂತ ನೀವು ಕೇಳಬಹುದು. ಅಯ್ಯೋ, ಆ ನಾಯಕರನ್ನು ನೋಡುವುದೇ ಒಂದು ಚೆಂದ! ಇಪ್ಪತ್ತು ವರ್ಷ ಸಿಟ್ಟು ಆರದ ಹಾಗೆ ಇಟ್ಟುಕೊಳ್ಳುತ್ತಾರೆ. ನಲ್ಲಿಯಲ್ಲಿ ನೀರು ಬಂತೆಂದು ಒಬ್ಬನೂ ಸೇಡು ಮುಂದೂಡಿದ್ದಿಲ್ಲ. ನನ್ನ ಸೊಪ್ಪಿನ ಮಡಿಗೆ ಎಮ್ಮೆ ಬಿಟ್ಟ ಪಕ್ಕದ ಮನೆಯವಳ ಮೇಲೆ ನಾನೂ ಸಿಟ್ಟು ಸಾಕಲು ನೋಡಿದೆ. ಅವಳು ಒಂದು ಮೊರ ಅವರೆಕಾಯಿ ತಂದಿಟ್ಟಳು. ಇಬ್ಬರೂ ಸುಲಿಯುತ್ತ ಕೂತೆವು.

ಹೋದ ಆಷಾಢದಲ್ಲಿ ಅಕ್ಕ ತೀರಿಕೊಂಡಳು. ಕಿಡ್ನಿ ಕೈಕೊಟ್ಟಿತ್ತು. ಸೇಡಿನ ಕಾದಂಬರಿ ನನಗೆ ಯಾಕೆ ಇಷ್ಟವೆಂದು ತಿಳಿದದ್ದು ಆಗಲೇ. ಅಲ್ಲಿ ಪ್ರತಿ ಸಾವಿಗೂ ಒಬ್ಬನಿರುತ್ತಾನೆ, ಹುಡುಕಿದರೆ ಸಿಗುತ್ತಾನೆ. ನಾನೂ ಹುಡುಕಿದೆ. ಡಾಕ್ಟರು ಒಳ್ಳೆಯವರು. ನರ್ಸು ಅವಳನ್ನು ಅವ್ವಾ ಅಂತಲೇ ಕರೆಯುತ್ತಿದ್ದಳು. ಆಸ್ಪತ್ರೆಗೆ ಕರೆದೊಯ್ಯಲು ಕಾರು ಹೊತ್ತಿಗೆ ಸರಿಯಾಗಿ ಬಂದಿತ್ತು. ಕಾದಂಬರಿಯಲ್ಲಾಗಿದ್ದರೆ ಹಾಲಿನ ಲೋಟದ ತಳದಲ್ಲಿ ಬಿಳಿ ಪುಡಿ ಇರುತ್ತಿತ್ತು. ಅಕ್ಕನ ಲೋಟದಲ್ಲಿ ಬರೀ ಹಾಲಿತ್ತು.

ತಿಥಿ ಮುಗಿಸಿ ಬಸ್ಸು ಹತ್ತಿದೆ. ಪುಟ್ಟಸ್ವಾಮಿ ಡ್ರೈವರ್ ಸೀಟಿನ ಹಿಂದಿನಿಂದ ಒಂದು ಪೊಟ್ಟಣ ತೆಗೆದು ತಂದ.

"ತೆಪ್ಪಾಯ್ತು ಕಣಕ್ಕೋ. ಆಸ್ಪತ್ರೆಗ್ ಓಗೋಕ್ ಮುಂಚೆ ನಿಮ್ಮಕ್ಕ ಕೊಟ್ಟಿದ್ರು. ಓದ್ಬುಟ್ಟು ಕೊಡವಾ ಅಂತ ನಾನೇ ಮಡಿಕಂಡಿದ್ದೆ. ಇನ್ನೂ ಅರ್ಧದಲ್ಲೇ ಐತೆ."

"ಯಾರು ಅಂತ ಮೊದಲ್ನೇ ಪುಟದಲ್ಲೇ ಬರ್ದಿರ್ತಾಳಲ್ಲಪ್ಪ?"

"ಅದ್ಕೇ ಕಣಕ್ಕೋ! ಆ ಕಾಂಪೌಂಡರ್ ನನ್ಮಗ ಎಂಗ್ ಸಿಕ್ಕಾಕತ್ತಾನೆ ನೋಡ್ಬೇಕಲ್ಲ!"

ಪೊಟ್ಟಣ ಬಿಚ್ಚಿದೆ. "ಕಾಂಪೌಂಡರನೇ ಕೊಂದದ್ದು ಕಣಮ್ಮಿ. ಈಗ ಓದು." ಅಕ್ಷರಗಳು ಓರೆಯಾಗಿದ್ದವು, ಬರೆಯುವಾಗ ಅಕ್ಕನ ಕೈಯಲ್ಲಿ ಬಲವಿರಲಿಲ್ಲ.

ನಾಲ್ಕು ದಿನ ಆ ಕಾಂಪೌಂಡರನ ಮೇಲೆ ಹಲ್ಲು ಕಡಿಯುತ್ತ ಓದಿದೆ. ಅವನು ಸೂಜಿ ಕುದಿಸಿದರೂ ಅನುಮಾನ, ಸೀನಿದರೂ ಅನುಮಾನ. ನೂರ ನಲವತ್ತನೇ ಪುಟಕ್ಕೆ ಬಂದೆ. ಕಾಂಪೌಂಡರ್ ಸತ್ತು ಬಿದ್ದಿದ್ದ! ಆಮೇಲೂ ಮೂರು ಕೊಲೆಯಾದವು.

ನಾನು ಬಿದ್ದು ಬಿದ್ದು ನಕ್ಕೆ. ನಮ್ಮೆಜಮಾನರು ಓಡಿ ಬಂದು ನನ್ನ ಹಣೆ ಮುಟ್ಟಿ ನೋಡಿದರು. "ಏನಾಯ್ತಮ್ಮಿ?"

"ಅಕ್ಕ ಸುಳ್ಳು ಬರ್ದವ್ಳೆ! ಅನ್ನೊಂದ್ ವರ್ಸದಲ್ಲಿ ಇದೊಂದೇ ಸುಳ್ಳು!"

ಕೊನೆಗೂ ಸಿಟ್ಟು ಮಾಡಿಕೊಳ್ಳಲು ನನಗೊಬ್ಬಳು ಸಿಕ್ಕಿದ್ದಳು. ಆದರೆ ಮುಯ್ಯಿ ತೀರಿಸುವುದು ಎಲ್ಲಿ? ಅವಳಿರುವ ಕಡೆಗೆ ಪುಟ್ಟಸ್ವಾಮಿಯ ಬಸ್ಸು ಹೋಗುವುದಿಲ್ಲ.

ಪುಟ್ಟಸ್ವಾಮಿ ಉಳಿದರ್ಧಕ್ಕೆ ಪುಸ್ತಕ ಕೇಳಿದ. ಕೊಡುವ ಮುಂಚೆ ಪೆನ್ಸಿಲ್ ಹುಡುಕಿ, ಅಕ್ಕನ ಸಾಲಿನ ಕೆಳಗೆ ನನ್ನದೊಂದು ಸಾಲು ಸೇರಿಸಿದೆ: "ಅಕ್ಕ ಬರೆದಿರುವುದು ಸುಳ್ಳು, ನಂಬಬೇಡ. ಕೊಂದದ್ದು ವಕೀಲ." ವಕೀಲನೂ ಅಲ್ಲ. ಯಾರು ಅಂತ ನಿಮಗೂ ಹೇಳುವುದಿಲ್ಲ.

ಇವತ್ತು ಬೆಳಿಗ್ಗೆ ಸೊಪ್ಪು ಕೊಳ್ಳುತ್ತ ನಿಂತಿದ್ದೆ. ಬಸ್ಸೊಂದು ಹಾದುಹೋಯಿತು. ಪುಟ್ಟಸ್ವಾಮಿ ಬಾಗಿಲಿನಿಂದ ಅರ್ಧ ಮೈ ಆಚೆ ಹಾಕಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ಅಕ್ಕೋ! ವಕೀಲ್ನೂ ಅಲ್ವಲ್ಲಕ್ಕೋ! ಐತೆ ಇರು ನಿಂಗೆ!"

ಸೊಪ್ಪಿನವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ನಗುತ್ತಿದ್ದೆ. ಆಷಾಢದಿಂದೀಚೆಗೆ ಯಾರೂ ನನಗೆ ಆ ಮಾತು ಹೇಳಿರಲಿಲ್ಲ.