ಮನ್ಮಾಡಿನಲ್ಲಿ ಅವ್ವನ ಎಡಗೈ

ಛತ್ರಪತಿ ಸಂಭಾಜಿನಗರದ ಸಮಗ್ರ ಚಿಕಿತ್ಸಾ ಕೇಂದ್ರವೊಂದರ ಸಂಚಾಲಕರ ಮೇಲೆ ನನ್ನ ಆರೋಪ ನೇರವಾಗಿದೆ. ಗುಣವಾಗುತ್ತಿದ್ದ ನನ್ನ ಅವ್ವನ ಭುಜದ ವ್ಯಾಯಾಮವನ್ನು ಅವರ ಕೇಂದ್ರದವರು ಫೋನಿನಲ್ಲೇ ನಿಲ್ಲಿಸಿದರು. ಲಿಂಗಪೂಜೆಗೆ ಚಾಚಿದ ಅವಳ ಅಂಗೈಯನ್ನು ತುಂಬಿದ ಕೋಣೆಯಲ್ಲಿ ಭಿಕ್ಷೆಯ ಕೈ ಎಂದರು. ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಓದಿದರೆ ಅವರಿಗೇ ತಿಳಿಯುತ್ತದೆ.

ನಾವು ನಾಶಿಕ್ ಬಳಿಯ ಓಝರಿನಿಂದ ಹೊರಟದ್ದು ಡಿಸೆಂಬರಿನ ಕೊರೆಯುವ ಚಳಿಯಲ್ಲಿ. ಅಪ್ಪ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ತೀರಿಕೊಂಡಾಗ ಬೀದರ್ ಜಿಲ್ಲೆಯ ನಮ್ಮೂರಿಗೆ ಒಯ್ದು, ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಮಾಡಿದೆವು. ಮರುವರ್ಷ ಅವ್ವನ ಎಡಭುಜ ಬಿಗಿದುಕೊಂಡಿತು. ಪೂಜೆಯಲ್ಲಿ ಲಿಂಗ ಹಿಡಿದ ಎಡಗೈ ಕಣ್ಣಿನ ಮಟ್ಟಕ್ಕೆ ಏರಬೇಕು. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮುಗಿಸುವ ಪೂಜೆ ಅವಳಿಗೆ ಅರೆಹೊಟ್ಟೆಯ ಊಟ. ಡಾಕ್ಟರು ಹೇಳಿಕೊಟ್ಟ, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲನೆ ಹತ್ತಿಸುವ ವ್ಯಾಯಾಮದಿಂದ ಕೈ ಗದ್ದದವರೆಗೆ ಬಂದಿತ್ತು.

ಆಗಲೇ ನೆರೆಮನೆಯವರೊಬ್ಬರು ಈ ಕೇಂದ್ರದ ಸುದ್ದಿ ತಂದರು. ನೋವು, ಕನಸು, ಮೈಯ ಚಲನೆ ಮೂರನ್ನೂ ಅಲ್ಲಿ ಒಂದೇ ದಾರದಲ್ಲಿ ಪೋಣಿಸಿ ನೋಡುತ್ತಾರಂತೆ. ಫೋನ್ ಮಾಡಿದರೆ, "ವ್ಯಾಯಾಮ ದೇಹದ ಮಾತನ್ನು ಅದುಮುತ್ತದೆ, ಇಲ್ಲಿಗೆ ಬರುವವರೆಗೆ ನಿಲ್ಲಿಸಿ" ಎಂಬ ಉತ್ತರ ಬಂತು. ಅವ್ವ ನಿಲ್ಲಿಸಿದಳು. ಹೊರಡುವ ಹೊತ್ತಿಗೆ ಕೈ ಎದೆಯ ಮಟ್ಟಕ್ಕೆ ಇಳಿದಿತ್ತು.

ನಾಶಿಕ್ ರೋಡಿನಲ್ಲಿ ರೈಲು ಹತ್ತಿದೆವು. ನಿಫಾಡಿನ ದ್ರಾಕ್ಷಿ ತೋಟಗಳು ಮಂಜಿನಲ್ಲಿದ್ದವು. ಲಾಸಲ್‌ಗಾಂವ್ ದಾಟುವಾಗ ಬೋಗಿಯೊಳಗೆಲ್ಲ ಈರುಳ್ಳಿಯ ವಾಸನೆ. ಮನ್ಮಾಡ್ ಹತ್ತಿರವಾದಂತೆ ಅವ್ವ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಶಾಲೆಯ ಸೂಟಿಗೆ ಬೀದರಿಗೆ ಹೋಗುವಾಗ ನಾವು ಇಲ್ಲೇ ಗಾಡಿ ಬದಲಿಸುತ್ತಿದ್ದೆವು.

"ಈ ಟೇಶನ್ನೇ ನನ್ನ ಕನಸಿನಾಗ ಬರ್ತದ," ಎಂದಳು. "ಗಾಡಿ ನಿಂತಿರ್ತದ. ಅಂಗೈ ನೋಡ್ಕೋತೀನಿ, ಲಿಂಗ ಇಲ್ಲ. ಕಿಟಕಿ ಹೊರಗ ನಿಮ್ಮಪ್ಪ ಮುಟಗಿ ಬಿಗಿ ಹಿಡ್ಕೊಂಡು ನಿಂತಿರ್ತಾರ. ಕೊಡ್ರಿ ಅಂದ್ರ ನಗ್ತಾರ."

"ಆಮ್ಯಾಲ?"

"ಆಮ್ಯಾಲೇನದ? ಗಾಡಿ ಬಿಡ್ತದ. ನೀರು ತರ್ತೀನಿ ಅಂತ ಇಳದು, ಗಾಡಿ ಬಿಟ್ಟ ಮ್ಯಾಲೇ ಹತ್ತಾವ್ರಲ್ಲೇನು ಅವ್ರು?"

ಮಧ್ಯಾಹ್ನ ಸಂಭಾಜಿನಗರದಲ್ಲಿ ಇಳಿದಾಗ ಚಳಿ ಹೋಗಿ ಬಿಸಿಲು ಚುರುಗುಟ್ಟುತ್ತಿತ್ತು. ಕೇಂದ್ರವಿದ್ದದ್ದು ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಜಮಖಾನೆ ಹಾಸಿದ ಕೋಣೆಯ ತುಂಬ ಜನ. ಅಲ್ಲಿನ ಚಿಕಿತ್ಸಕಿ ಮೆಲುದನಿಯ ಹಿಂದಿಯಲ್ಲಿ ಅವ್ವನ ಕನಸನ್ನು ಕೇಳಿದರು, ಎಲ್ಲೂ ಅವಸರ ಮಾಡಲಿಲ್ಲ. ಆಮೇಲೆ ಕಣ್ಣು ಮುಚ್ಚಿಸಿ, ಕೈ ಎತ್ತ ಹೋಗಬಯಸುತ್ತದೋ ಅತ್ತ ಬಿಡಿ ಎಂದರು. ಅಲ್ಲಿಯವರೆಗೆ ನಾನು ಆಕೆಯನ್ನು ಮೆಚ್ಚಿದ್ದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ.

ಅವ್ವನ ಎಡಗೈ ಮುಂದೆ ಬಂತು. ಅಂಗೈ ಮೇಲಾಗಿ ಬೆರಳುಗಳು ಬಟ್ಟಲಿನಂತೆ ಮಡಿಚಿಕೊಂಡವು. ತುಟಿಗಳು ಅಲುಗಿದವು. ಹುಟ್ಟಿದಾಗಿನಿಂದ ನಾನು ಪ್ರತಿ ಬೆಳಗ್ಗೆ ಕಂಡ ಕೈ ಅದು.

"ನೋಡಿ, ಇದು ಬೇಡುವ ಕೈ," ಎಂದರು ಚಿಕಿತ್ಸಕಿ. "ಆಯಿ, ನಿಮ್ಮೊಳಗೊಬ್ಬ ಭಿಕ್ಷುಕಿ ಇದ್ದಾಳೆ. ಅವಳನ್ನು ಹೊರಗೆ ಬಿಡಿ. ಎಲ್ಲರ ಹತ್ತಿರ ಹೋಗಿ ಬೇಡಿ."

"ಅದು ಪೂಜೆಯ ಕೈ," ಎಂದೆ.

"ಜೊತೆಗೆ ಬಂದವರು ಮಾತಾಡುವಂತಿಲ್ಲ."

ಅವ್ವ ಎದ್ದಳು. ಒಬ್ಬೊಬ್ಬರೆದುರೂ ನಿಂತು ಕೈ ಚಾಚಿದಳು. ಯಾರೋ ಆ ಅಂಗೈಯಲ್ಲಿ ಶೇಂಗಾ ಚಿಕ್ಕಿಯ ತುಂಡೊಂದನ್ನಿಟ್ಟರು. ಕೋಣೆ ನಕ್ಕಿತು. ಅವ್ವನೂ ನಕ್ಕಳು.

ಕೆಳಗೆ ಬಂದ ಮೇಲೆ ಅವಳ ಮೊದಲ ಮಾತು: "ಚಿಕ್ಕಿ ಛಲೋ ಇತ್ತು."

"ಅಷ್ಟು ಮಂದಿ ಮುಂದ ಬೇಡಿಸಿದರಲ್ಲ, ಸಿಟ್ಟು ಬರಲಿಲ್ಲೇನವ್ವ?"

"ಬರದೇ ಏನು? ಆದ್ರ ಮಗಳೇ, ನಿನ್ನ ಕನಸೇನು ಅಂತ ಕೇಳಿದಾಕಿ ಆಕಿ ಒಬ್ಬಾಕಿನೇ. ಡಾಕ್ಟರು ಭುಜ ಕೇಳಿದ್ರು, ನೀ ಗುಳಿಗಿ ಕೇಳಿದಿ."

"ಮುಂಜಾನಿ ನನಗ ಹೇಳಿದ್ಯಲ್ಲ?"

"ನಾನಾಗೇ ಹೇಳಿದೆ. ನೀ ಎಲ್ಲಿ ಕೇಳಿದ್ದಿ? ಎಂ.ಎ. ಓದಿದಾಕಿ, ಇಷ್ಟು ತಿಳೀವಲ್ದು."

ಆ ರಾತ್ರಿ ಲಾಡ್ಜಿನಲ್ಲಿದ್ದು ಮರುದಿನ ಬೆಳಗಿನ ಗಾಡಿ ಹಿಡಿದೆವು. ಅವಸರದಲ್ಲಿ ಪೂಜೆಯಾಗಿರಲಿಲ್ಲ, ಅದಾಗದೆ ಅವ್ವ ಚಹಾ ಕೂಡ ಮುಟ್ಟುವವಳಲ್ಲ. ದೌಲತಾಬಾದಿನ ಕೋಟೆಗುಡ್ಡ ಹಿಂದೆ ಸರಿಯಿತು. ಅಂಕಾಯಿಯ ಬೆಟ್ಟಗಳು ಬಂದವು, ಹೋದವು. ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಚೀಲದಲ್ಲೇ ಉಳಿದಿದ್ದವು.

ಗಾಡಿ ಮನ್ಮಾಡಿನಲ್ಲಿ ನಿಂತಿತು. ಅವ್ವ ಬಾಟಲಿಯ ನೀರಿನಿಂದ ಕೈ ತೊಳೆದು ವಿಭೂತಿ ಹಚ್ಚಿಕೊಂಡಳು. ಕೊರಳ ವಸ್ತ್ರದ ಗಂಟು ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟಳು. ಬಲಗೈಯನ್ನು ಎಡ ಮೊಣಕೈಗೆ ಆನಿಸಿ ಎತ್ತಿದಳು. ಎದೆಯವರೆಗೆ ಬಂದ ಕೈ ಅಲ್ಲೇ ನಿಂತಿತು. ಹಲ್ಲು ಕಚ್ಚಿ ಮತ್ತೊಮ್ಮೆ ಎತ್ತಿದಳು, ಏರಲಿಲ್ಲ. ಕೊನೆಗೆ ಬೆನ್ನು ಬಾಗಿಸಿ, ಕಣ್ಣುಗಳನ್ನೇ ಕೈಯ ತನಕ ಇಳಿಸಿದಳು.

ಗಾಡಿ ಅಲುಗಿತು. ತಲೆಯೆತ್ತದೆಯೇ ಅಂದಳು: "ಅವ್ರು ಹತ್ತಿದ್ರೇನು, ನೋಡು."

ನಾನು ಎದ್ದು ಬಾಗಿಲಿನವರೆಗೆ ಹೋದೆ. ಪ್ಲಾಟ್‌ಫಾರ್ಮು ಹಿಂದಕ್ಕೆ ಜಾರುತ್ತಿತ್ತು. ನಲ್ಲಿಯ ಬಳಿ ಯಾರೂ ಇರಲಿಲ್ಲ.

ಕೇಂದ್ರದ ಸಂಚಾಲಕರೇ, ಆದ್ದರಿಂದ ನಿಮ್ಮಲ್ಲಿ ವಿನಂತಿಸುತ್ತೇನೆ. ಅವ್ವನನ್ನು ಒಮ್ಮೆಯೂ ಕಾಣದೆ ಅವಳ ವ್ಯಾಯಾಮ ನಿಲ್ಲಿಸಲು ಹೇಳಿದವರು ಯಾರು, ಯಾವ ಅರ್ಹತೆಯಿಂದ ಹೇಳಿದರು ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ವೈದ್ಯರನ್ನು ವಿಚಾರಿಸದೆ ಇನ್ನು ಯಾರ ಚಿಕಿತ್ಸೆಯನ್ನೂ ನಿಲ್ಲಿಸಬೇಡಿ. ಅದೇ ಜಮಖಾನೆಯ ಮೇಲೆ, ಅದೇ ಜನರೆದುರು, ಆ ಕೈ ಏನು ಹಿಡಿದಿತ್ತೆಂದು ಅವ್ವನನ್ನೇ ಕೇಳಿ. ಅವಳೀಗ ಮತ್ತೆ ಗೋಡೆಯ ಮೇಲೆ ಬೆರಳು ಹತ್ತಿಸುತ್ತಿದ್ದಾಳೆ. ಕರೆದರೆ ಬರುತ್ತಾಳೆ. ಅವಳು ಹೇಳಿ ಮುಗಿಸುವವರೆಗೆ ನೀವು ಮಾತಾಡುವಂತಿಲ್ಲ.