ಒಂದೇ ಹೆಸರಿನ ಎರಡು ಸಾಲು

ಉಪ್ಪಿನ ವಿಷಯದಲ್ಲಿ ನಮ್ಮ ಮನೆ ಒಂದು ಪ್ರಯೋಗಶಾಲೆ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಅತ್ತೆಯವರು ಒಮ್ಮೆ ಆ ಕಡೆ ಹಾದುಹೋಗುತ್ತಾರೆ, ಹಾದುಹೋಗುವಾಗ ಅವರ ಕೈ ತಾನಾಗಿಯೇ ಉಪ್ಪಿನ ಜಾಡಿಗೆ ಹೋಗಿಬರುತ್ತದೆ. ಆಮೇಲೆ ಪತ್ರಿಕೆ ಮಡಿಸಿಟ್ಟು ಒಳಬಂದ ನಾನು, ಗೃಹಿಣೀಧರ್ಮ ತಟ್ಟನೆ ನೆನಪಾಗಿ, ನನ್ನ ಪಾಲಿನ ಉಪ್ಪನ್ನೂ ಹಾಕುತ್ತೇನೆ. ಊಟಕ್ಕೆ ಕುಳಿತ ನಮ್ಮವರ ಕೈ ಮೊದಲ ತುತ್ತಿಗೇ ನೀರಿನ ಲೋಟದ ಕಡೆ ಹೋದರೆ ಉಪ್ಪು ಎರಡು ಸಲ ಬಿದ್ದಿದೆಯೆಂದೂ, ಉಪ್ಪಿನಕಾಯಿಯ ಕಡೆ ಹೋದರೆ ಒಬ್ಬರು ಹಾಕಿರಬಹುದೆಂದು ಇನ್ನೊಬ್ಬರು ಬಿಟ್ಟು ಕಡೆಗೆ ಯಾರೂ ಹಾಕಿಲ್ಲವೆಂದೂ ತಿಳಿಯಬೇಕು. ಇದರಿಂದ ಸಂಸಾರವೇನೂ ಮುಳುಗಿಲ್ಲ. ಆದರೆ ಒಂದೇ ಕೆಲಸಕ್ಕೆ ಇಬ್ಬರು ಅಕ್ಕರೆಯಿಂದ ಕೈ ಹಾಕಿದಾಗ ಯಾರದನ್ನು ಇಟ್ಟುಕೊಳ್ಳಬೇಕು, ಯಾರದನ್ನು ಬಿಡಬೇಕು ಎಂಬ ಪ್ರಶ್ನೆಗೆ ನಾನು ಒಂದು ಕಾಲದಲ್ಲಿ ಸಂಬಳ ತೆಗೆದುಕೊಂಡು ಉತ್ತರ ಹುಡುಕುತ್ತಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ.

ಹೊಸ ಶತಮಾನ ಹುಟ್ಟಿ ಇನ್ನೂ ಅಂಬೆಗಾಲಿಡುತ್ತಿದ್ದ ವರ್ಷಗಳು. ಮೇಟಗಳ್ಳಿಯಲ್ಲಿ ಒಂದು ಲೇತ್ ವರ್ಕ್‌ಶಾಪಿನ ಮಹಡಿಯ ಮೇಲೆ ನಮ್ಮ ಪುಟ್ಟ ಕಂಪ್ಯೂಟರ್ ಕಚೇರಿ. ಕೆಳಗೆ ಕಬ್ಬಿಣ ಕೊರೆಯುವ ಕರ್ಕಶ ನಾದ, ಮೇಲೆ ಕೀಲಿಮಣೆಯ ಮೇಲೆ ಬೆರಳಾಡಿಸುತ್ತ ಜಗತ್ತನ್ನು ಉದ್ಧರಿಸುತ್ತಿದ್ದೇವೆಂದು ನಂಬಿದ್ದ ನಾವು. ನನ್ನ ಕೆಲಸಕ್ಕೆ ಮಿಡಲ್‌ವೇರ್ ಎಂಬ ಹೆಸರಿತ್ತು. ಜಾಲತಾಣವನ್ನು ನಡೆಸುವ ಸರ್ವರ್‌ಗೂ ಅದನ್ನು ನೋಡುವವರ ಬ್ರೌಸರ್‌ಗೂ ನಡುವೆ ಕುಳಿತು, ಆ ಕಡೆಯಿಂದ ಈ ಕಡೆಗೆ ಹೋಗಿಬರುವುದನ್ನೆಲ್ಲ ವಿಚಾರಿಸಿ ಕಳುಹಿಸುವ ತಂತ್ರಾಂಶ ಅದು. ಇದನ್ನು ನಮ್ಮ ದೊಡ್ಡವ್ವನಿಗೆ ವಿವರಿಸಲು ಹೊರಟು, ಬೀದಿಗೂ ಅಡುಗೆಮನೆಗೂ ನಡುವೆ ನಡುಮನೆ ಇರುತ್ತದಲ್ಲ, ಹಾಗೆ, ಎಂದಿದ್ದೆ. ಹಾಗಾದರೆ ಓದಿಸಿ ಬರೆಸಿದ್ದಕ್ಕೆ ನೀನು ಅಲ್ಲಿ ಹೋಗಿ ನಡುಮನೆಯಲ್ಲಿ ಕೂರುವ ಕೆಲಸ ಹಿಡಿದೆಯಾ ಎಂದು ಅವಳು ನಕ್ಕಿದ್ದಳು.

ಪ್ರತಿಯೊಂದು ಪುಟವೂ ಬ್ರೌಸರ್‌ಗೆ ಬರುವ ಮೊದಲು ಅದರ ಕುಲಗೋತ್ರ ಸಾರುವ ಕೆಲವು ಸಾಲುಗಳು ಮುಂದಾಗಿ ಬರುತ್ತವೆ. ಇವಕ್ಕೆ ಹೆಡರ್ ಎನ್ನುತ್ತಾರೆ. ಪ್ರತಿ ಸಾಲಿಗೂ ಒಂದು ಹೆಸರು, ಹೆಸರಿನ ಮುಂದೆ ಒಂದು ವಿಷಯ: ಭಾಷೆ ಇಂಥದು, ಉದ್ದ ಇಷ್ಟು, ಇದನ್ನು ಇಂಥ ದಿನದವರೆಗೆ ನೆನಪಿಟ್ಟುಕೊಳ್ಳತಕ್ಕದ್ದು. ಒಂದು ಹೆಸರಿಗೆ ಒಂದೇ ಸಾಲು ಇರುವವರೆಗೆ ಮಿಡಲ್‌ವೇರ್‌ನ ಬಾಳು ಸುಖಮಯ. ಒಂದೇ ಹೆಸರು ಹೊತ್ತು ಎರಡು ಸಾಲುಗಳು ಬಂದು ನಿಂತಾಗ ಮಾತ್ರ ನಡುಮನೆಯಲ್ಲಿ ಕೂತವರಿಗೆ ತಲೆಬಿಸಿ.

ನಮಗೆ ಆ ತಲೆಬಿಸಿ ಬಂದದ್ದು ಊದುಬತ್ತಿ ವ್ಯಾಪಾರಿಯೊಬ್ಬರ ಜಾಲತಾಣದಿಂದ. ಅವರ ಸರ್ವರ್ ಪ್ರತಿ ಗಿರಾಕಿಗೂ ಎರಡು ಚೀಟಿ ಕೊಟ್ಟು ಕಳುಹಿಸುತ್ತಿತ್ತು. ಈ ಚೀಟಿಗಳನ್ನೇ ಕುಕೀ ಎನ್ನುವುದು. ಗಿರಾಕಿ ಯಾರು ಎಂಬುದು ಒಂದರಲ್ಲಿ, ಬುಟ್ಟಿಯಲ್ಲಿ ಏನಿದೆ ಎಂಬುದು ಇನ್ನೊಂದರಲ್ಲಿ. ಎರಡೂ ಬರುತ್ತಿದ್ದದ್ದು ಒಂದೇ ಹೆಸರಿನ ಹೆಡರ್ ಹೊತ್ತು. ನಮ್ಮ ಕಚೇರಿಯಲ್ಲಿ ಪರಂಪರಾಗತವಾಗಿ ಬಂದಿದ್ದ ತಂತ್ರಾಂಶವೋ ಒಂದು ಹೆಸರಿಗೆ ಒಂದೇ ಕುರ್ಚಿ ಹಾಕಿಟ್ಟಿತ್ತು. ಎರಡನೆಯ ಸಾಲು ಬಂದೊಡನೆ ಮೊದಲಿನದನ್ನು ಎಬ್ಬಿಸಿ ತಾನು ಕೂರುತ್ತಿತ್ತು. ಫಲವಾಗಿ, ಶ್ರೀಗಂಧದ ಬತ್ತಿಯನ್ನು ಬುಟ್ಟಿಗೆ ಹಾಕಿಕೊಂಡ ಗಿರಾಕಿಯನ್ನು ಆ ಜಾಲತಾಣ ಮರುಕ್ಷಣವೇ ಅತಿವಿನಯದಿಂದ ತಾವು ಯಾರು ಎಂದು ಕೇಳುತ್ತಿತ್ತು. ಬತ್ತಿಯನ್ನು ನೆನಪಿಟ್ಟುಕೊಂಡು ಗಿರಾಕಿಯನ್ನು ಮರೆಯುವ ಅಂಗಡಿಯನ್ನು ತಾವು ಈ ಜನ್ಮದಲ್ಲಿ ಕಂಡಿಲ್ಲವೆಂದು ಆ ವ್ಯಾಪಾರಿಗಳು ನಮ್ಮ ಮೂರ್ತಿ ಸರ್‌ಗೆ ಫೋನ್ ಮಾಡಿದರು. ಕಚೇರಿಯ ಯಜಮಾನರಾದ ಮೂರ್ತಿ ಸರ್ ಫೋನ್ ಇಟ್ಟು ನನ್ನ ಕಡೆ ನೋಡಿದರು. ನಾನು ಕೆಳಗಿನ ಲೇತ್ ಯಂತ್ರದ ಸದ್ದನ್ನು ಬಹಳ ಗಮನವಿಟ್ಟು ಕೇಳತೊಡಗಿದೆ.

ಬಂದವರು ಮೊದಲಿದ್ದವರನ್ನು ಎಬ್ಬಿಸಿ ಕೂರುವ ಈ ಪದ್ಧತಿ ನನಗೇನೂ ಹೊಸದಲ್ಲ, ಅದು ನನ್ನ ತಲೆಯ ಮೇಲೆಯೇ ನಡೆದಿತ್ತು. ತಲೆ ಎಂದರೆ ನಿಜವಾಗಿ ತಲೆಯೇ. ಎಂಬತ್ತರ ದಶಕ ಕಣ್ಣು ಬಿಡುತ್ತಿದ್ದಾಗ, ಹಿನಕಲ್ ಇನ್ನೂ ಹಳ್ಳಿಯಾಗಿಯೇ ಇದ್ದಾಗ, ನಮ್ಮವ್ವನಿಗೆ ಅವಳಿ ಗಂಡುಮಕ್ಕಳು ಹುಟ್ಟಿದವು. ಎರಡು ತೊಟ್ಟಿಲು ತೂಗುವುದರಲ್ಲಿ ಅವಳ ಎರಡು ಕೈಯೂ ಸಾಲದಾಯಿತು. ನಜರ್‌ಬಾದಿನಲ್ಲಿದ್ದ ಅವ್ವನ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಮಕ್ಕಳಿಲ್ಲದವಳು, ಬಾಣಂತನ ಮುಗಿಯುವವರೆಗೆ ದೊಡ್ಡದನ್ನು ನಾನು ಇಟ್ಟುಕೊಂಡಿರುತ್ತೇನೆ ಎಂದು ನನ್ನನ್ನು ಕರೆದುಕೊಂಡು ಹೋದಳು. ಆ ಬಾಣಂತನ ನನ್ನ ಹಾಲುಹಲ್ಲು ಬಿದ್ದರೂ ಮುಗಿಯಲಿಲ್ಲ, ಶಾಲೆ ಮುಗಿದರೂ ಮುಗಿಯಲಿಲ್ಲ, ಕಾಲೇಜಿನ ಕೊನೆಯ ಪರೀಕ್ಷೆ ಬರೆದು ಬಂದ ದಿನವೂ ನಾನು ಚಪ್ಪಲಿ ಬಿಟ್ಟದ್ದು ನಜರ್‌ಬಾದಿನ ಮನೆಯ ಬಾಗಿಲಲ್ಲೇ.

ಶನಿವಾರ ಮಧ್ಯಾಹ್ನ ದೊಡ್ಡಪ್ಪ ನನ್ನನ್ನು ಸಿಟಿ ಬಸ್ಸಿನಲ್ಲಿ ಹಿನಕಲ್ಲಿಗೆ ಬಿಟ್ಟುಬರುತ್ತಿದ್ದರು. ಅವ್ವ ನನ್ನ ಮುಖ ನೋಡುವ ಮೊದಲು ಜಡೆ ನೋಡುತ್ತಿದ್ದಳು. ದೊಡ್ಡವ್ವ ಸಡಿಲವಾಗಿ ಹೆಣೆದಿದ್ದ ಒಂಟಿ ಜಡೆಯನ್ನು ಬಿಚ್ಚಿ, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಎರಡು ಜಡೆ ಹಾಕಿ, ಮಡಿಸಿ ಟೇಪು ಕಟ್ಟುತ್ತಿದ್ದಳು. ಭಾನುವಾರ ಸಂಜೆ ನಜರ್‌ಬಾದಿಗೆ ಮರಳಿದೊಡನೆ ದೊಡ್ಡವ್ವ ಟೇಪು ಬಿಚ್ಚಿ, ಎಣ್ಣೆ ಸವರಿ, ಮತ್ತೆ ಒಂಟಿ ಜಡೆ ಮಾಡುತ್ತಿದ್ದಳು. ಒಬ್ಬಳು ಇನ್ನೊಬ್ಬಳ ಜಡೆಯ ಬಗ್ಗೆ ಒಂದೇ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಹೊಟ್ಟೆನೋವೆಂದರೆ ಅವ್ವ ನಿಮ್ಮ ದೊಡ್ಡವ್ವನನ್ನು ಕೇಳು ಎನ್ನುತ್ತಿದ್ದಳು, ಹೊಸ ಲಂಗ ಯಾವ ಬಣ್ಣದ್ದು ಎಂದರೆ ದೊಡ್ಡವ್ವ ನಿಮ್ಮವ್ವನನ್ನು ಕೇಳು ಎನ್ನುತ್ತಿದ್ದಳು. ಇಬ್ಬರ ಪ್ರೀತಿಯೂ ನನ್ನ ಮೇಲೆ ಧಾರಾಳವಾಗಿತ್ತು, ಅಧಿಕಾರ ಮಾತ್ರ ಅವರಿಬ್ಬರ ನಡುವೆ ಬಸ್ಸಿನಲ್ಲಿ ಓಡಾಡುತ್ತಿತ್ತು.

ಊದುಬತ್ತಿಯ ತೊಂದರೆ ಬಂದ ತಿಂಗಳಲ್ಲೇ ನನ್ನ ಮದುವೆಯೂ ಗೊತ್ತಾಯಿತು. ಮದುವೆಯಲ್ಲಿ ಧಾರೆ ಎರೆಯುವುದೆಂದರೆ ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಗಳಿಗೆ. ಗಂಡು ಹೆಣ್ಣು ಇಬ್ಬರ ಕೈಯ ಮೇಲೆ ತೆಂಗಿನಕಾಯಿ ಇಟ್ಟು, ಹೆಣ್ಣಿನ ತಂದೆತಾಯಿ ಮೊದಲು ಅದರ ಮೇಲೆ ಹಾಲು ಎರೆಯಬೇಕು, ಆಮೇಲೆ ಬಂಧುಬಳಗ. ತಂದೆತಾಯಿಯ ಜಾಗ ಒಂದೇ, ಅಲ್ಲಿ ನಿಲ್ಲುವುದು ಒಂದೇ ಜೋಡಿ. ಅವ್ವನನ್ನು ಕೇಳಿದೆ, ಅಕ್ಕ ನಿಲ್ಲುತ್ತಾಳೆ ಎಂದಳು. ದೊಡ್ಡವ್ವನನ್ನು ಕೇಳಿದೆ, ನಿಮ್ಮವ್ವ ನಿಲ್ಲುತ್ತಾಳೆ ಎಂದಳು. ಅಪ್ಪನೂ ದೊಡ್ಡಪ್ಪನೂ ಅದು ಅಕ್ಕತಂಗಿಯರ ವಿಷಯ ಎಂದು ಜಾಣತನದಿಂದ ಜಾರಿಕೊಂಡರು. ನನಗೆ ನಿಜವಾಗಿ ಭಯವಾಯಿತು. ಯಾರು ನಿಂತರೂ ಇನ್ನೊಬ್ಬಳು ಅಷ್ಟು ಜನರ ಎದುರಿನಲ್ಲಿ ನನ್ನ ಬದುಕಿನಿಂದ ಎದ್ದುಹೋದಂತೆ ಆಗುತ್ತದಲ್ಲ ಎಂದು ಅನ್ನ ಸೇರುತ್ತಿರಲಿಲ್ಲ. ಹುಡುಗಿ ಮದುವೆಯ ಸಂಭ್ರಮಕ್ಕೆ ಇಳಿದುಹೋಗಿದ್ದಾಳೆ ಎಂದು ನೆರೆಹೊರೆಯವರು ತಿಳಿದರು.

ಹಗಲೆಲ್ಲ ಮೇಟಗಳ್ಳಿಯಲ್ಲಿ ಇದೇ ಪ್ರಶ್ನೆಯ ಇನ್ನೊಂದು ಅವತಾರದ ಜೊತೆ ಗುದ್ದಾಟ. ಮೊದಲು ಬಂದ ಸಾಲನ್ನೇ ಉಳಿಸಿ ನೋಡಿದೆ, ಗಿರಾಕಿ ಉಳಿದರು, ಬುಟ್ಟಿ ಖಾಲಿಯಾಯಿತು. ಕೊನೆಗೆ ಬಂದದ್ದನ್ನು ಉಳಿಸಿದರೆ ಹಳೆಯ ಕಥೆಯೇ. ಎರಡನ್ನೂ ಅಲ್ಪವಿರಾಮ ಹಾಕಿ ಒಂದೇ ಸಾಲಾಗಿ ಹೊಲಿಯುವ ಪದ್ಧತಿಯೊಂದಿದೆ, ಎಷ್ಟೋ ಹೆಡರ್‌ಗಳಿಗೆ ಅದು ಶಾಸ್ತ್ರಸಮ್ಮತವೂ ಹೌದು. ನಾನು ಮಹದಾನಂದದಿಂದ ಹೊಲಿದೆ. ಆದರೆ ಕುಕೀ ಎಂಬ ಚೀಟಿಯಲ್ಲಿ ಅದು ಎಂದಿನವರೆಗೆ ಬಾಳುತ್ತದೆಂಬ ತಾರೀಖು ಇರುತ್ತದೆ, ಆ ತಾರೀಖಿನ ಹೊಟ್ಟೆಯಲ್ಲೇ ಒಂದು ಅಲ್ಪವಿರಾಮ ಇರುತ್ತದೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯದೆ ಬ್ರೌಸರ್ ಎರಡನ್ನೂ ಕೆಡಿಸಿಕೊಂಡಿತು. ಈಗ ಗಿರಾಕಿಯೂ ಇಲ್ಲ, ಬುಟ್ಟಿಯೂ ಇಲ್ಲ.

ಕಡೆಗೆ ಮೂರ್ತಿ ಸರ್ ನನ್ನ ಹಿಂದೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿ, "ಯಾಕಮ್ಮ ಒಂದು ಮಾಡಕ್ಕೆ ಒದ್ದಾಡ್ತೀಯ? ಎರಡು ಬಂದಿದ್ರೆ ಎರಡನ್ನೂ ಬಿಡು. ಬಂದ ವರಸೇಲೇ ಬಿಡು," ಎಂದರು. ಅಷ್ಟೇ. ಕುರ್ಚಿಯಿದ್ದ ಕಡೆ ಬೆಂಚು ಹಾಕಿದೆ. ಒಂದು ಹೆಸರಿಗೆ ಎಷ್ಟು ಸಾಲು ಬಂದರೂ ಪಕ್ಕಪಕ್ಕದಲ್ಲಿ ಕೂತು, ಬಂದ ಕ್ರಮದಲ್ಲೇ ಹೊರಟವು. ಊದುಬತ್ತಿಯವರು ಪ್ರಸನ್ನರಾದರು. ಇಷ್ಟೆಲ್ಲ ಬುದ್ಧಿ ಬಂದಮೇಲೂ ಅದನ್ನು ಟಿಫಿನ್ ಡಬ್ಬಿಯ ಜೊತೆ ಮನೆಗೆ ತೆಗೆದುಕೊಂಡು ಹೋಗಬಹುದೆಂದು ನನಗೆ ಹೊಳೆಯಲಿಲ್ಲ. ವಿದ್ಯಾವಂತರ ತಲೆಯಲ್ಲಿ ಕಚೇರಿಗೂ ಮನೆಗೂ ನಡುವೆ ಬಾಗಿಲು ಇರುವುದಿಲ್ಲ, ಗೋಡೆ ಇರುತ್ತದೆ.

ಮದುವೆಯ ಬೆಳಿಗ್ಗೆ ಛತ್ರದಲ್ಲಿ ಜನವೋ ಜನ. ಮಠದ ಅಯ್ಯನವರು ಮಂತ್ರ ಹೇಳುತ್ತ ಹೇಳುತ್ತ ತಲೆಯೆತ್ತಿ, ಹೆಣ್ಣಿನ ತಂದೆತಾಯಿ ಬರಬೇಕು ಎಂದು ಕರೆದರು. ಯಾರೂ ಬರಲಿಲ್ಲ. ಇನ್ನೊಮ್ಮೆ ಕರೆದರು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಓಲಗದವರು ಊದುವುದೋ ಬೇಡವೋ ತಿಳಿಯದೆ ವಾದ್ಯವನ್ನು ಕೈಯಲ್ಲಿ ಹಿಡಿದುಕೊಂಡು ಕೂತರು. ಒಂದು ಜಾಗಕ್ಕೆ ಇಬ್ಬರಿದ್ದ ಭಾಗ್ಯವಂತೆ ನಾನು, ಆ ಜಾಗದಲ್ಲಿ ಒಬ್ಬರೂ ಇರಲಿಲ್ಲ. ಅಕ್ಕ ನಿಂತಿರುತ್ತಾಳೆ ಎಂದು ತಂಗಿ, ತಂಗಿ ನಿಂತಿರುತ್ತಾಳೆ ಎಂದು ಅಕ್ಕ, ಒಬ್ಬಳಿಗೊಬ್ಬಳು ದಾರಿ ಬಿಟ್ಟುಕೊಟ್ಟು, ಇಬ್ಬರೂ ತಮ್ಮ ತಮ್ಮ ಗಂಡಂದಿರನ್ನೂ ಕರೆದುಕೊಂಡು ಮರೆಯಾಗಿದ್ದರು.

ನನ್ನ ಅವಳಿ ತಮ್ಮಂದಿರು ಒಂದೊಂದು ದಿಕ್ಕಿಗೆ ಓಡಿದರು. ಒಬ್ಬ ಅವ್ವನನ್ನು ಅಡುಗೆಯವರ ಬಳಿಯಿಂದ ಹಿಡಿದು ತಂದ, ಇನ್ನೊಬ್ಬ ಹೆಬ್ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ದೊಡ್ಡವ್ವನನ್ನು ಹಾಗೆಯೇ ಕರೆತಂದ. ಅಪ್ಪನೂ ದೊಡ್ಡಪ್ಪನೂ ಹಿಂದೆ ಹಿಂದೆ ಬಂದರು. ಮುಹೂರ್ತ ಮೀರುತ್ತಿದೆ, ಯಾರಾದರೂ ಒಬ್ಬರು ಬನ್ನಿ ಎಂದರು ಅಯ್ಯನವರು. ಇಬ್ಬರೂ ಕದಲಲಿಲ್ಲ.

"ಹೆತ್ತೋಳು ಅವಳು," ಎಂದಳು ದೊಡ್ಡವ್ವ. "ನಾನು, ಸಾಕ್ತೀನಿ ಅಂತ ಇಸ್ಕೊಂಡ್ ಬಂದೋಳು. ಇಸ್ಕೊಂಡಿದ್ದನ್ನ ನಾನೆಂಗೆ ಧಾರೆ ಎರೀಲಿ?"

ಅವ್ವ ತಲೆಯೆತ್ತಲಿಲ್ಲ. "ನಾನ್ ಅವತ್ತೇ ನಿನ್ ಕೈಗೆ ಕೊಟ್ಬುಟ್ಟೆ ಕಣಕ್ಕ. ಕೊಟ್ಬುಟ್ಟಿದ್ದನ್ನ ಇನ್ನೊಂದ್ಸಲ ಎಂಗ್ ಕೊಡ್ಲಿ?"

ಅಷ್ಟು ವರ್ಷ ಬಸ್ಸಿನಲ್ಲಿ ಅತ್ತಿತ್ತ ಓಡಾಡಿದ ನಾನು ಈ ಎರಡು ಮಾತನ್ನು ಎಂದೂ ಕೇಳಿರಲಿಲ್ಲ. ಒಬ್ಬಳು ನನ್ನನ್ನು ತನ್ನವಳೆನ್ನಲು ಇಷ್ಟು ವರ್ಷ ಹಿಂಜರಿದಿದ್ದಳು, ಇನ್ನೊಬ್ಬಳು ತನ್ನವಳೆನ್ನುವ ಹಕ್ಕು ಕಳೆದುಕೊಂಡೆನೆಂದು ಒಳಗೇ ನೊಂದಿದ್ದಳು. ನಡುವೆ ನಾನು ಇಬ್ಬರ ಜಡೆಯನ್ನೂ ಹಾಕಿಸಿಕೊಂಡು ಹಾಯಾಗಿ ಬೆಳೆದಿದ್ದೆ. ಕಣ್ಣು ತುಂಬಿ ಬಂತು. ಮದುವಣಗಿತ್ತಿ ಮಾತಾಡಬಾರದೆಂಬುದನ್ನೂ ಮರೆತು ಬಾಯಿಬಿಟ್ಟೆ.

"ಇಬ್ರೂ ಎರೀಬೇಕು. ಅವ್ವ ಮೊದ್ಲು, ಆಮೇಲೆ ದೊಡ್ಡವ್ವ. ಒಬ್ರು ಬಿಟ್ರೂ ನಾನು ಕೈ ಚಾಚಲ್ಲ."

ಅಯ್ಯನವರು ನನ್ನನ್ನು ನೋಡಿದರು, ಅವರಿಬ್ಬರನ್ನು ನೋಡಿದರು. ಹಾಗೆ ಮಾಡಬಾರದೆಂದು ತಾವು ಎಲ್ಲಿಯೂ ಓದಿದ ನೆನಪಿಲ್ಲ ಎಂದು ಸಾವಕಾಶವಾಗಿ ಹೇಳಿ, ಇನ್ನೊಂದು ಚೆಂಬು ತರಿಸಿದರು. ಇಷ್ಟು ಸುಲಭಕ್ಕೆ ಆಗಿಹೋಗುವ ಕೆಲಸಕ್ಕೆ ನಾವೆಲ್ಲ ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆವಲ್ಲ ಎಂದು ಈಗಲೂ ಆಶ್ಚರ್ಯವಾಗುತ್ತದೆ. ಪ್ರೀತಿಸುವವರು ಒಬ್ಬರಿಗಿಂತ ಹೆಚ್ಚಿದ್ದಾಗ ಯಾರು ಮೇಲೆಂದು ಆರಿಸುವುದೂ ಬೇಡ, ಇಬ್ಬರನ್ನೂ ಕಲಸಿ ಒಂದು ಮಾಡುವುದೂ ಬೇಡ. ಇಬ್ಬರಿಗೂ ಜಾಗವಿದೆಯೆಂದು ಬಾಯಿಬಿಟ್ಟು ಹೇಳಿದರೆ ಸಾಕು, ಮಿಕ್ಕದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಅಪ್ಪ ಅವ್ವನ ಕೈ ಮುಟ್ಟಿಕೊಂಡು ನಿಂತರು, ಅವ್ವ ಹಾಲು ಎರೆದಳು. ಯಾವ ಕೆಲಸವನ್ನೂ ನಿಧಾನವಾಗಿ ಮಾಡಿ ಗೊತ್ತಿಲ್ಲದವಳು, ಚೆಂಬಿನಲ್ಲಿ ಅರ್ಧ ಇರುವಾಗಲೇ ಸಾಕೆಂದು ಕೈ ತೆಗೆದು ಪಕ್ಕಕ್ಕೆ ಸರಿದಳು. ಆಮೇಲೆ ದೊಡ್ಡಪ್ಪ, ದೊಡ್ಡವ್ವ. ಅವಳು ಎರೆದದ್ದು ಎಳೆಯಷ್ಟು ಸಣ್ಣ ಧಾರೆ. ಅದು ತೆಂಗಿನಕಾಯಿಯ ಮೇಲಿಂದ ನಮ್ಮ ಬೆರಳುಗಳ ಸಂದಿಗೆ ಇಳಿದು ಎಷ್ಟೋ ಹೊತ್ತು ಹರಿಯಿತು, ಹರಿದು ನಿಂತಿತು. ಹಾಲು ಮುಗಿದರೂ ಅವಳು ಚೆಂಬನ್ನು ಬಗ್ಗಿಸಿಕೊಂಡೇ ಇದ್ದಳು, ಕೈ ಹಿಂದಕ್ಕೆ ಬರಲಿಲ್ಲ. ಸಾಕೆಂದು ಹೇಳುವ ಧೈರ್ಯ ಅಯ್ಯನವರಿಗೂ ಬರಲಿಲ್ಲ. ಆಗ ಅವ್ವ ಮುಂದೆ ಬಂದು, ಅಕ್ಕನ ಮಣಿಕಟ್ಟು ಹಿಡಿದು ಚೆಂಬನ್ನು ನೆಟ್ಟಗೆ ಮಾಡಿ, ತನ್ನ ಚೆಂಬಿನಲ್ಲಿ ಉಳಿದಿದ್ದ ಹಾಲನ್ನೆಲ್ಲ ಅದಕ್ಕೆ ಸುರಿದಳು.

"ನಿಧಾನಕ್ಕೆ ಎರಿ ಅಕ್ಕ," ಎಂದಳು. "ಆತುರ ಏನಿಲ್ಲ."